ಮುಚ್ಚಳದಿಂದ ಬುಗುರಿಗೆ: ಆಟಿಸಂ ಇರುವ ಮಗುವಿಗೆ ಹೊಸ ಆಟಿಕೆಯ ರುಚಿ ಹತ್ತಿಸುವ ಬಗೆ

ಒಂದು ಸ್ಟೀಲ್ ಡಬ್ಬಿಯ ಮುಚ್ಚಳ. ಅಡುಗೆಮನೆಯ ಸಾಸಿವೆ ಡಬ್ಬಿಯದು. ನಾಲ್ಕು ವರ್ಷದ ಹುಡುಗ ಅದನ್ನು ಕೆಂಪು ನೆಲದ ಮೇಲೆ ಅಂಚಿನಲ್ಲಿ ನಿಲ್ಲಿಸಿ ತಿರುಗಿಸುತ್ತಾನೆ. ಅದು ಗಿರ್ರನೆ ಸುತ್ತಿ, ವಾಲಿ, ಟರ್ರ್ ಎಂದು ಸದ್ದು ಮಾಡುತ್ತಾ ಮಲಗುತ್ತದೆ. ಮತ್ತೆ ಎತ್ತುತ್ತಾನೆ. ಮತ್ತೆ ತಿರುಗಿಸುತ್ತಾನೆ. ಹುಟ್ಟುಹಬ್ಬಕ್ಕೆ ಬಂದ ಕಾರು, ಕರಡಿ, ಅಡುಗೆ ಸೆಟ್ಟು ಎಲ್ಲಾ ಶೋಕೇಸಿನಲ್ಲಿ ಹಾಗೇ ಕೂತಿವೆ. "ಮಿಸ್, ಇವ್ನಿಗೆ ಆಟಾನೇ ಬರಲ್ಲ" ಅಂದರು ಅವನ ಅಮ್ಮ.

ನನಗೆ ಕಂಡದ್ದೇ ಬೇರೆ. ಹುಡುಗ ಅಷ್ಟು ಹೊತ್ತೂ ಆಡುತ್ತಲೇ ಇದ್ದ. ಮುಚ್ಚಳ ವಾಲಲು ಶುರುವಾದಾಗ ಕೆನ್ನೆ ನೆಲಕ್ಕೆ ತಾಗಿಸಿ ಓರೆಗಣ್ಣಲ್ಲಿ ನೋಡುತ್ತಿದ್ದ. ಸದ್ದು ಚುರುಕಾಗುತ್ತಾ ಹೋಗಿ ಥಟ್ಟನೆ ನಿಂತಾಗ ಅವನ ಮುಖದಲ್ಲಿ ನಗು. ಅಂದರೆ ಅವನಿಗೆ ಬೇಕಿದ್ದದ್ದು ಆ ಸುತ್ತು, ಮತ್ತೆ ಕೊನೆಯ ಆ ಸದ್ದು. ಮುಚ್ಚಳ ಒಂದು ನೆಪ ಅಷ್ಟೇ.

ಮಗುವಿಗೆ ಯಾವ ಆಟಿಕೆ ಇಷ್ಟ ಎಂದು ಎಲ್ಲರೂ ಕೇಳುತ್ತಾರೆ. ಆ ಆಟಿಕೆಯಲ್ಲಿ ಏನು ಇಷ್ಟ ಎಂದು ಕೇಳಿಕೊಂಡರೆ ಕೆಲಸ ಅರ್ಧ ಹಗುರ. ಮುಂದೆ ಬರೆದಿರುವುದೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತದೆ.

ಇರುವುದನ್ನು ಕಿತ್ತುಕೊಳ್ಳಬೇಡಿ

ಆಟಿಸಂ ಇರುವ ಮಕ್ಕಳಿಗೆ ಬೆಳಕು, ಸದ್ದು, ಸ್ಪರ್ಶ ಇವೆಲ್ಲ ನಮಗೆ ತಾಗುವ ಹಾಗೆ ತಾಗುವುದಿಲ್ಲ. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಮ್ಮಿ. 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಡಾಕ್ಟರುಗಳು ರೋಗನಿರ್ಣಯಕ್ಕೆ ಬಳಸುವ ಕೈಪಿಡಿ, ಇದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿತು. ಹಾಗಾಗಿ ಮುಚ್ಚಳ ತಿರುಗಿಸುವುದು ಕೆಟ್ಟ ಚಾಳಿ ಅಲ್ಲ. ಎಷ್ಟೋ ಸಲ ಗದ್ದಲದ ಮನೆಯಲ್ಲಿ ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ ಅದು.

ಹಾಗಿದ್ದರೆ ಹೊಸ ಆಟಿಕೆ ಯಾಕೆ ಬೇಕು? ಒಂದು, ಕಲಿಸುವವರ ಕಷ್ಟ. ಮಾತಾಗಲಿ ಕೈಕೆಲಸವಾಗಲಿ, ಮಗುವಿಗೆ ಬೇಕು ಅನಿಸುವ ವಸ್ತು ಎದುರಿಗಿದ್ದಾಗಲೇ ಕಲಿಕೆ ಓಡುತ್ತದೆ. ಆ ವಸ್ತು ಒಂದೇ ಆದರೆ ಹತ್ತು ನಿಮಿಷದಲ್ಲಿ ಅದೂ ಸಾಕಾಗುತ್ತದೆ, ಪಾಠವೂ ಅಲ್ಲಿಗೇ ನಿಲ್ಲುತ್ತದೆ. ಒಂದೇ ಬಹುಮಾನ ಕೊಡುವುದಕ್ಕಿಂತ ಬದಲಿಸಿ ಬದಲಿಸಿ ಕೊಟ್ಟಾಗ ಮಕ್ಕಳು ಜಾಸ್ತಿ ಹೊತ್ತು ತೊಡಗಿಕೊಳ್ಳುತ್ತಾರೆ ಎಂದು 1981ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿತ್ತು. ಇನ್ನೊಂದು ಕಾರಣ ನನಗೆ ಇನ್ನೂ ಮುಖ್ಯ. ಆ ಮುಚ್ಚಳ ಕಳೆದುಹೋದ ದಿನ ಮಗುವಿನ ಗತಿ ಏನು? ಊರಿಗೆ ಹೊರಟಾಗ, ಆಸ್ಪತ್ರೆಯಲ್ಲಿ ಕಾಯುವಾಗ ಕೈಯಲ್ಲಿ ನಾಲ್ಕು ಸಾಮಾನು ಇದ್ದರೆ ಅದಕ್ಕೂ ನೆಮ್ಮದಿ.

ಒಂದು ವಾರ ಸುಮ್ನೆ ನೋಡಿ

ಏನನ್ನೂ ಕೊಳ್ಳಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಪುಟವನ್ನು ಮೂರು ಭಾಗ ಮಾಡಿ. ಎಡಗಡೆ ವಸ್ತುವಿನ ಹೆಸರು, ನಡುವೆ ಮಗು ಅದರಲ್ಲಿ ಮಾಡಿದ್ದು, ಬಲಗಡೆ ಅದಕ್ಕೆ ಸಿಕ್ಕಿದ್ದು. ಆಟಿಕೆಯನ್ನೇ ಬರೆಯಬೇಕು ಅಂತೇನೂ ಇಲ್ಲ. ಕುಕ್ಕರ್ ಸೀಟಿ ಬಂದಾಗ ಓಡಿ ಬಂದರೆ ಅದನ್ನೂ ಬರೆಯಿರಿ. ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸುವುದು, ಬಾಗಿಲಲ್ಲಿ ಎಲ್ಲರ ಚಪ್ಪಲಿ ಸಾಲಾಗಿ ಜೋಡಿಸುವುದು, ಪ್ಲಾಸ್ಟಿಕ್ ಕವರ್ ಕಿವಿಯ ಹತ್ತಿರ ಹಿಡಿದು ಪರಪರ ಅನ್ನಿಸುವುದು, ಬಸ್ಸಿನ ನಂಬರ್ ಓದುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಬಲಗಡೆಯ ಭಾಗ ತುಂಬುವುದೇ ಕಷ್ಟ. "ಕಾರು ಇಷ್ಟ" ಎಂದು ಬರೆದರೆ ಸಾಲದು. ಕಾರನ್ನು ಓಡಿಸುತ್ತಾನಾ, ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಾನಾ, ಸಾಲಾಗಿ ನಿಲ್ಲಿಸುತ್ತಾನಾ, ಬಾಯಿಗೆ ಇಡುತ್ತಾನಾ? ನಾಲ್ಕೂ ನಾಲ್ಕು ಬೇರೆ ಇಷ್ಟಗಳು. ಮುಂದೆ ಹಿಡಿಯುವ ದಾರಿಯೂ ಬೇರೆ ಬೇರೆ.

ಇಷ್ಟವನ್ನು ಅಳೆಯುವ ಮೂರು ವಿಧಾನ

ಅಪ್ಪ ಅಮ್ಮ ಹೇಳಿದ್ದು ಎಷ್ಟೋ ಸಲ ತಪ್ಪಿರುತ್ತದೆ. ಟೀಚರ್ ಊಹೆಯೂ ಅಷ್ಟೇ. ಹಾಗಾಗಿ ಮಗುವನ್ನೇ ಕೇಳಬೇಕು, ಅದೂ ಮಾತಿಲ್ಲದೆ.

ಸುಲಭದ್ದು ಇದು. ಚಾಪೆ ಮೇಲೆ ಆರೇಳು ಸಾಮಾನು ಹರಡಿ, ಮಗುವನ್ನು ಬಿಟ್ಟುಬಿಡಿ. 5 ನಿಮಿಷ ಗಡಿಯಾರ ನೋಡಿ. ಯಾವುದರ ಹತ್ತಿರ ಎಷ್ಟು ಹೊತ್ತು ಇತ್ತು ಎಂದು ಬರೆಯಿರಿ. ಏನನ್ನೂ ಕಿತ್ತುಕೊಳ್ಳುವ ಪ್ರಸಂಗ ಇಲ್ಲ, ಅಳುವಿಲ್ಲ. ಕೈಯಿಂದ ಏನಾದರೂ ತೆಗೆದುಕೊಂಡರೆ ಸಿಟ್ಟಾಗುವ ಮಕ್ಕಳಿಗೆ ಇದೇ ಸರಿ.

ಎರಡನೆಯದು ಜೋಡಿ ವಿಧಾನ. ಎರಡು ಕೈಯಲ್ಲಿ ಎರಡು ವಸ್ತು ಹಿಡಿದು ಮುಂದೆ ಚಾಚಿ. ಮಗು ಯಾವುದಕ್ಕೆ ಕೈ ಹಾಕಿತೋ ಅದನ್ನು ಅರ್ಧ ನಿಮಿಷ ಆಡಲು ಬಿಡಿ. ಹೀಗೆ ಪ್ರತಿಯೊಂದನ್ನೂ ಉಳಿದ ಪ್ರತಿಯೊಂದರ ಜೊತೆ ಒಮ್ಮೆ ಜೋಡಿಸಬೇಕು. 1992ರಲ್ಲಿ ಫಿಶರ್ ಎಂಬ ಅಮೆರಿಕದ ಸಂಶೋಧಕ ಮತ್ತು ಸಂಗಡಿಗರು ಇದನ್ನು 16 ವಸ್ತುಗಳಲ್ಲಿ ಮಾಡಿದ್ದರು, ಅಂದರೆ 120 ಜೋಡಿ. ಮನೆಯಲ್ಲಿ ಅಷ್ಟೆಲ್ಲ ಬೇಡ. 5 ವಸ್ತು ತೆಗೆದುಕೊಂಡರೆ 10 ಜೋಡಿ, ಎರಡು ದಿನದಲ್ಲಿ ಮುಗಿಯುತ್ತದೆ. ಬಲಗಡೆ ಎಡಗಡೆ ಅದಲುಬದಲು ಮಾಡುತ್ತಿರಿ. ಕೆಲವು ಮಕ್ಕಳು ಯಾವಾಗಲೂ ಬಲಗೈಯದನ್ನೇ ಎತ್ತಿಕೊಳ್ಳುತ್ತಾರೆ, ಅದು ಇಷ್ಟ ಅಲ್ಲ, ಅಭ್ಯಾಸ.

ಮೂರನೆಯದು ಸಾಲು ವಿಧಾನ. 1996ರಲ್ಲಿ ಡಿಲಿಯಾನ್ ಮತ್ತು ಇವಾಟಾ ಎಂಬ ಸಂಶೋಧಕರು 7 ವಸ್ತುಗಳನ್ನು ಸಾಲಾಗಿಟ್ಟು ನೋಡಿದರು. ಮಗು ಎತ್ತಿಕೊಂಡದ್ದನ್ನು ಸಾಲಿಗೆ ವಾಪಸ್ ಇಡುವುದಿಲ್ಲ. ಉಳಿದವುಗಳಲ್ಲಿ ಮತ್ತೆ ಆಯ್ಕೆ. ಹೀಗೆ ಮೊದಲನೆಯದು, ಎರಡನೆಯದು ಎಂದು ಪಟ್ಟಿ ತಾನಾಗೇ ಸಿಗುತ್ತದೆ.

ತಿಂಡಿಯನ್ನು ಮಾತ್ರ ಆಟಿಕೆ ಜೊತೆ ಬೆರೆಸಬೇಡಿ. ಚಕ್ಲಿ ಪಕ್ಕ ಪಜಲ್ ಇಟ್ಟರೆ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾ? ಪಜಲ್ ಇಷ್ಟವಿಲ್ಲ ಎಂದು ನೀವು ತಪ್ಪಾಗಿ ಬರೆದುಕೊಳ್ಳುತ್ತೀರಿ.

ಮೊದಲು ನೀವು ಹಿತವಾಗಬೇಕು

ಇದನ್ನು ಹಾರಿಸಿ ಮುಂದೆ ಹೋದವರೇ ಜಾಸ್ತಿ. ನಾನೂ ಶುರುವಿನಲ್ಲಿ ಅದೇ ಮಾಡಿದೆ. ಮಗು ಕೂತ ತಕ್ಷಣ "ಇದೇನು? ಯಾವ ಬಣ್ಣ? ಎಷ್ಟಿದೆ ಹೇಳು" ಎಂದು ಕೇಳಲು ತೊಡಗಿದೆ. ಮೂರನೇ ದಿನ ಆ ಮಗು ನನ್ನ ಚಪ್ಪಲಿ ಸದ್ದು ಕೇಳಿಯೇ ಮಂಚದ ಕೆಳಗೆ ಸೇರಿಕೊಂಡಿತು.

ಮೊದಲ ಹತ್ತು ದಿನ ಪ್ರಶ್ನೆ ಇಲ್ಲ, ಆದೇಶ ಇಲ್ಲ. ಮಗು ಆಡುವ ಕಡೆ ನೆಲದ ಮೇಲೆ ಕೂರಿ. ಅದಕ್ಕೆ ಇಷ್ಟವಾದದ್ದು ನಿಮ್ಮಿಂದ ಬರಲಿ. ಮುಚ್ಚಳ ದೂರ ಉರುಳಿದರೆ ತಂದು ಕೊಡಿ. ಅದು ಮಾಡಿದ್ದನ್ನೇ ನೀವೂ ಇನ್ನೊಂದು ಮುಚ್ಚಳದಲ್ಲಿ ಮಾಡಿ. ಮಾತು ಬೇಕೆನಿಸಿದರೆ ಒಂದೊಂದೇ ಪದ: "ಗಿರ್ರ್", "ಬಿತ್ತು", "ಮತ್ತೆ". ಬೆನ್ನಿಗೆ ಬಿಗಿಯಾಗಿ ಅಪ್ಪುವುದು, ಬೆಡ್‌ಶೀಟಿನಲ್ಲಿ ತೂಗುವುದು, ಉಫ್ ಎಂದು ಊದುವುದು ಇಷ್ಟವಿದ್ದರೆ ಅದನ್ನೂ ಆಡಿ. ಆಟಿಕೆಯೇ ಬೇಕಿಲ್ಲದ ಇಂಥ ಆಟಗಳಲ್ಲಿ ನೀವೇ ಆಟಿಕೆ. ಮಗು ತಾನಾಗಿ ನಿಮ್ಮ ಹತ್ತಿರ ಸರಿದು ಬಂದರೆ, ನಿಮ್ಮ ಕೈ ಹಿಡಿದು ಎಳೆದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಏಣಿ ಕಟ್ಟುವುದು

ಈಗ ನಿಜವಾದ ಕೆಲಸ. ನಿಯಮ ಒಂದೇ: ಪ್ರತಿ ಮೆಟ್ಟಿಲಿಗೆ ಒಂದೇ ಒಂದು ಗುಣ ಬದಲಾಗಲಿ, ಉಳಿದದ್ದು ಹಳೆಯದೇ ಇರಲಿ.

ಮುಚ್ಚಳದ ಹುಡುಗನ ಏಣಿಯನ್ನೇ ಹೇಳುತ್ತೇನೆ. ಮೊದಲ ಮೆಟ್ಟಿಲು ಇನ್ನೊಂದು ಮುಚ್ಚಳ, ಸ್ವಲ್ಪ ದೊಡ್ಡದು. ಸದ್ದು ಒಂದಿಷ್ಟು ದಪ್ಪ. ಅವನು ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ. ನಾನು ಒಂದು ಮಾರು ದೂರದಲ್ಲಿ ಕೂತು ಅದನ್ನೇ ತಿರುಗಿಸುತ್ತಾ ಇದ್ದೆ. ಎರಡನೇ ದಿನ ಬಂದು ತೆಗೆದುಕೊಂಡ.

ಮುಂದೆ ಚನ್ನಪಟ್ಟಣದ ಮರದ ಬುಗುರಿ ತಂದೆ. ದಾರ ಬೇಡದ, ಎರಡು ಬೆರಳಲ್ಲಿ ತಿರುಗಿಸುವ ಚಿಕ್ಕದು. ಹಾಲೆ ಮರದ್ದು, ಅರಗಿನ ಬಣ್ಣ, ನುಣುಪು. ನನಗೇನೋ ತುಂಬಾ ಇಷ್ಟವಾಯಿತು, ಅವನು ಕಾಲಲ್ಲಿ ಒದ್ದ. ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು. ಬುಗುರಿ ಸುತ್ತುತ್ತದೆ ನಿಜ, ಆದರೆ ಅದಕ್ಕೆ ಸದ್ದೇ ಇಲ್ಲವಲ್ಲ! ನಾನು ಎರಡು ಮೂರು ಗುಣ ಒಟ್ಟಿಗೆ ಬದಲಿಸಿಬಿಟ್ಟಿದ್ದೆ. ಮರುದಿನ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಬುಗುರಿ ಬಿಟ್ಟೆ. ಸಣ್ಣಗೆ ಝೇಂಕಾರ, ಕೊನೆಗೆ ತಟ್ಟೆಯ ಮೇಲೆ ಉರುಳಿ ಟರ್ರ್. ಹುಡುಗ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ತಿರುಗಿ ನೋಡಿದ. ಆಮೇಲೆ ಕೆನ್ನೆಯನ್ನು ತಟ್ಟೆಯ ಅಂಚಿಗೆ ತಂದಿಟ್ಟ.

ಅವನ ಬೆರಳಿಗೆ ಅದನ್ನು ತಿರುಗಿಸಲು ಬರುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು. ಬುಗುರಿ ನಿಂತ ಮೇಲೆ ನಾನು ಅದನ್ನು ಎತ್ತಿ ಹಿಡಿದು ಕಾಯುತ್ತಿದ್ದೆ. ಅವನು ನನ್ನ ಕೈಯನ್ನು ತಟ್ಟೆಯ ಕಡೆ ತಳ್ಳಿದ. "ತಿರುಗ್ಸು" ಎಂದು ಅವನ ಪರವಾಗಿ ನಾನೇ ಹೇಳಿ ತಕ್ಷಣ ತಿರುಗಿಸಿದೆ. ಮೂರ್ನಾಲ್ಕು ದಿನ ಹೀಗೇ ನಡೆಯಿತು. ಆಮೇಲೊಂದು ಸಲ ತಳ್ಳುವ ಮುಂಚೆ "ತಿ" ಅಂದ. ಪೂರ್ತಿ ಮಾತು ಬರಲಿ ಎಂದು ನಾನು ಕಾಯಲಿಲ್ಲ, ತಿರುಗಿಸಿದೆ.

ಬುಗುರಿಯ ಮೇಲೆ ಚುಕ್ಕೆ ಅಂಟಿಸಿ ಬಣ್ಣ ಬೆರೆಯುವುದನ್ನು ನೋಡಿದ್ದು, ಹಲ್ಲು ಚಕ್ರಗಳ ಬೋರ್ಡು, ಕಾಗದದ ಗಿರಗಿಟ್ಲೆ, ಇವು ಸುತ್ತುವುದರ ಕಡೆಯ ಮೆಟ್ಟಿಲುಗಳು. ಕೊನೆಯ ಸದ್ದಿನ ಕಡೆಗೂ ಒಂದು ಏಣಿ ಕಟ್ಟಿದೆವು. ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಸೋಫಾಗೆ ಒರಗಿಸಿ, ಕೆಳಗೆ ಪಾತ್ರೆ ಇಟ್ಟು, ನಿಂಬೆಹಣ್ಣಿನ ಗಾತ್ರದ ಮರದ ಚೆಂಡು ಉರುಳಿಸುವುದು. ಉರುಳಿ ಉರುಳಿ ಠಣ್! ಖರ್ಚು ಏನೂ ಇಲ್ಲ. ಆದರೆ ದುಡ್ಡು ಕೊಟ್ಟು ತಂದ, ಲೈಟು ಹೊಳೆಯುವ ಬ್ಯಾಟರಿ ಬುಗುರಿ ಕಂಡು ಹುಡುಗ ಕಿವಿ ಮುಚ್ಚಿಕೊಂಡ. ಅದು ಇವತ್ತಿಗೂ ಡಬ್ಬದಲ್ಲಿದೆ.

ನಿಮ್ಮ ಮಗುವಿನ ಏಣಿ ಬೇರೆ ಇರುತ್ತದೆ. ಸಾಲು ಜೋಡಿಸುವ ಮಗುವಿಗೆ ಚಪ್ಪಲಿಯಿಂದ ಮರದ ಬ್ಲಾಕ್ಸ್, ಬ್ಲಾಕ್ಸ್‌ನಿಂದ ರೈಲು ಬೋಗಿ, ಆಮೇಲೆ ಒಂದರ ಹಿಂದೊಂದು ಬೀಳುವ ಡಾಮಿನೋ. ಅಕ್ಕಿಯಲ್ಲಿ ಕೈಯಾಡಿಸುವ ಮಗುವಿಗೆ ಅಕ್ಕಿಯೊಳಗೆ ಹೂತ ಮರದ ಪ್ರಾಣಿ, ಆಮೇಲೆ ಮರಳು, ಆಮೇಲೆ ಚಪಾತಿ ಹಿಟ್ಟು. ಬಸ್ ನಂಬರ್ ಓದುವ ಮಗುವಿಗೆ ನಂಬರ್ ಬರೆದ ಆಟಿಕೆ ಬಸ್ಸು, ಹಳೇ ಟಿಕೆಟ್ಟು, ಸೀಟಿ, ಕೊನೆಗೆ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ "ರೈಟ್ ರೈಟ್". ಅಮೆರಿಕದಲ್ಲಿ ಕೋಗೆಲ್ ದಂಪತಿ ಮತ್ತು ಬೇಕರ್ ಎಂಬ ಸಂಶೋಧಕರು 1998ರಲ್ಲಿ ಇದನ್ನೇ ಮಾಡಿ ತೋರಿಸಿದ್ದರು. ಭೂಪಟದ ಹುಚ್ಚು ಇದ್ದ ಮಗುವಿಗಾಗಿ ನೆಲದ ಮೇಲೆ ದೊಡ್ಡ ಭೂಪಟದ ಗೆರೆ ಹಾಕಿ ಅದರ ಮೇಲೆ ಮುಟ್ಟಾಟ! ಬೇರೆ ಮಕ್ಕಳೂ ಸೇರಿಕೊಂಡರು.

ಹೊಸದನ್ನು ಮುಂದಿಡುವ ರೀತಿ

ಮುಖದೆದುರು ಹಿಡಿದು "ನೋಡು ನೋಡು, ಎಷ್ಟು ಚೆನ್ನಾಗಿದೆ" ಅನ್ನಬೇಡಿ. ಮೊದಲು ಅದು ಕೋಣೆಯಲ್ಲಿ ಸುಮ್ನೆ ಇರಲಿ, ಒಂದೆರಡು ದಿನ. ಆಮೇಲೆ ನೀವು ಅದರಲ್ಲಿ ಆಡಿ, ನಿಮಗೇ ಮಜಾ ಬರುವ ಹಾಗೆ, ಮಗುವನ್ನು ಕರೆಯದೆ. 2012ರ ಒಂದು ಅಧ್ಯಯನದಲ್ಲಿ, ಮಕ್ಕಳು ಮೂಸಿಯೂ ನೋಡದ ಆಟಿಕೆಗಳಲ್ಲಿ ದೊಡ್ಡವರು ವಿಚಿತ್ರವಾಗಿ, ಖುಷಿಯಾಗಿ ಆಡಿದ್ದನ್ನು ನೋಡಿದ ಮೇಲೆ ಮಕ್ಕಳ ಆಯ್ಕೆಯೇ ಬದಲಾಯಿತು. ಬುಗುರಿಯನ್ನು ತಲೆ ಮೇಲೆ ಇಟ್ಟುಕೊಂಡು "ಅಯ್ಯೋ ಬಿತ್ತು" ಎಂದು ಬೀಳಿಸುವುದೂ ಆಟವೇ.

ಮಗುವಿನ ಕೈ ಹಿಡಿದು ಬಲವಂತವಾಗಿ ಆಡಿಸಬೇಡಿ. ಕೈ ಹಿಂದಕ್ಕೆ ಎಳೆದುಕೊಂಡರೆ, ಮುಖ ತಿರುಗಿಸಿದರೆ ಅದು "ಬೇಡ" ಎಂಬ ಉತ್ತರ. ಮೊದಲ ದಿನ 10 ಸೆಕೆಂಡ್ ಮುಟ್ಟಿದರೂ ಸಾಕು, ಬೇಜಾರಾಗುವ ಮುಂಚೆ ನೀವೇ ಎತ್ತಿಡಿ. ಇನ್ನೂ ಬೇಕು ಅನ್ನುವಾಗ ನಿಂತ ಆಟಕ್ಕೆ ನಾಳೆ ಗಿರಾಕಿ ಇರುತ್ತದೆ. ಹಳೇ ಇಷ್ಟದ ವಸ್ತು ಪಕ್ಕದಲ್ಲೇ ಇರಲಿ. ಒಂದು ಕೈಯಲ್ಲಿ ಮುಚ್ಚಳ ಹಿಡಿದು ಇನ್ನೊಂದು ಕೈಯಲ್ಲಿ ಹೊಸದನ್ನು ಮುಟ್ಟುವ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ.

ಸಿಕ್ಕಿದ ಆಟಿಕೆಯಲ್ಲಿ ಒಂದೇ ಥರ ಆಡುತ್ತಿದ್ದರೆ? ಮೊದಲು ನೀವೂ ಅದೇ ಥರ ಆಡಿ. ಅದು ಚೆಂಡು ಉರುಳಿಸಿದರೆ ನೀವೂ ಉರುಳಿಸಿ. ನಾಲ್ಕೈದು ಸರದಿ ಆದ ಮೇಲೆ ನಿಮ್ಮ ಸರದಿಯಲ್ಲಿ ಒಂದು ಚಿಕ್ಕ ಬದಲಾವಣೆ: ಚೆಂಡಿನ ಬದಲು ಆಲೂಗಡ್ಡೆ. ಮಗು ನಕ್ಕರೆ ಸರಿ, ಸಿಟ್ಟಾದರೆ ಚೆಂಡಿಗೇ ವಾಪಸ್.

ಪಾಠಕ್ಕೆ ಹಚ್ಚುವಾಗ

ಮೂರು ಡಬ್ಬ ಮಾಡಿ. ಒಂದರ ಸಾಮಾನು ಈ ವಾರ ಹೊರಗೆ, ಎರಡು ಡಬ್ಬ ಅಟ್ಟದ ಮೇಲೆ. ವಾರಕ್ಕೊಮ್ಮೆ ಬದಲಿಸಿ. ಕಣ್ಣಿಂದ ಮರೆಯಾಗಿದ್ದ ಆಟಿಕೆ ಮತ್ತೆ ಬಂದಾಗ ಹೊಸದರ ಹಾಗೇ ಇರುತ್ತದೆ. ಬೆಳಗಿನಿಂದ ಆಡಿ ದಣಿದ ವಸ್ತುವನ್ನೇ ಸಂಜೆ ಪಾಠದಲ್ಲಿ ಕೊಟ್ಟರೆ ಅದಕ್ಕೆ ಕಿಮ್ಮತ್ತಿಲ್ಲ. ಹೊಟ್ಟೆ ತುಂಬಿದವನಿಗೆ ಹೋಳಿಗೆ ಬಡಿಸಿದ ಹಾಗೆ.

ಆದರೆ ಎಲ್ಲವನ್ನೂ ಬೀಗದಲ್ಲಿ ಇಡಬೇಡಿ. ಒಮ್ಮೆ ನಾನು ಒಬ್ಬ ಹುಡುಗಿಯ ಹಳೇ ಸೀರೆ ತುಂಡನ್ನು "ಇದು ಮುಗಿಸಿದರೆ ಕೊಡ್ತೀನಿ" ಎಂದು ಎತ್ತಿಟ್ಟೆ. ಕೆಲಸವೂ ಆಗಲಿಲ್ಲ, ಅವಳು ಅತ್ತು ಅತ್ತು ಕೈ ಕಚ್ಚಿಕೊಂಡಳು. ಸಮಾಧಾನದ ವಸ್ತು ಬಹುಮಾನವಲ್ಲ, ಅದು ಕೇಳಿದಾಗ ಸಿಗಬೇಕು. ಪಾಠಕ್ಕೆ ಬಳಸಬೇಕಾದ್ದು ಖುಷಿಯ ವಸ್ತು. ಎರಡಕ್ಕೂ ಇರುವ ವ್ಯತ್ಯಾಸ ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ: ಭಯವಾದಾಗ, ನಿದ್ದೆ ಬಂದಾಗ ಹುಡುಕುವುದು ಮೊದಲನೆಯದು.

ಬಹುಮಾನ ಕೆಲಸದ ಒಳಗೇ ಇದ್ದರೆ ಇನ್ನೂ ಚೆನ್ನ. "ಬುಗುರಿ" ಎಂದು ಹೇಳಿದ್ದಕ್ಕೆ ಚಾಕಲೇಟ್ ಕೊಟ್ಟರೆ ಆ ಮಾತಿಗೂ ಆ ಸಿಹಿಗೂ ಸಂಬಂಧವೇ ಇಲ್ಲ. ಬುಗುರಿಯನ್ನೇ ಕೊಟ್ಟರೆ ಮಾತು ಕೆಲಸ ಮಾಡುತ್ತದೆ ಎಂದು ಮಗುವಿಗೆ ಗೊತ್ತಾಗುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿ ಒಳಗೆ ಆಟಿಕೆ ಇಟ್ಟರೆ "ತೆಗಿ" ಕಲಿಸಬಹುದು. ಬರುವ ಕೆಲಸ ಮೂರು, ಬಾರದ ಕೆಲಸ ಒಂದು, ಹೀಗೆ ಬೆರೆಸಿ. ಸರಿಯಾಗಿ ಹೇಳಿದ್ದಕ್ಕೆ ಮಾತ್ರ ಅಲ್ಲ, ಪ್ರಯತ್ನಕ್ಕೂ ಕೊಡಿ. ಕೊಟ್ಟ ಮೇಲೆ ಪೂರ್ತಿ ಅರ್ಧ ನಿಮಿಷ ಆಡಲು ಬಿಡಿ. ಕೊಟ್ಟ ಕೈಯಲ್ಲೇ ಕಿತ್ತುಕೊಂಡರೆ ಯಾರಿಗೆ ತಾನೇ ಕೆಲಸ ಮಾಡಲು ಮನಸ್ಸು ಬರುತ್ತೆ?

"ಊಟ ಮುಗ್ಸು, ಆಮೇಲೆ ಆಟ" ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದನ್ನೇ 1959ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೀಮ್ಯಾಕ್ ಒಂದು ತತ್ವವಾಗಿ ಬರೆದರು. ಮಾಡಲು ಮನಸ್ಸಿರುವ ಕೆಲಸವನ್ನು ಮನಸ್ಸಿಲ್ಲದ ಕೆಲಸ ಆದ ಮೇಲೆ ಇಟ್ಟರೆ ಎರಡೂ ಆಗುತ್ತವೆ. ಮಾತು ಅರ್ಥವಾಗದ ಮಗುವಿಗೆ ಮೊದಲು ಕೆಲಸದ್ದು, ಆಮೇಲೆ ಆಟದ್ದು ಎಂದು ಎರಡು ಫೋಟೋ ಪಕ್ಕಪಕ್ಕ ಅಂಟಿಸಿ ತೋರಿಸಿ.

ಮೊಬೈಲ್ ವಿಷಯ

ಎಲ್ಲರೂ ಕೇಳುವ ಪ್ರಶ್ನೆ. ಎದುರಿಗೆ ಮೊಬೈಲ್ ಇದ್ದರೆ ಬುಗುರಿ ಗೆಲ್ಲುವುದಿಲ್ಲ, ಅಷ್ಟೇ. 2 ರಿಂದ 4 ವರ್ಷದ ಮಕ್ಕಳು ಕೂತು ಪರದೆ ನೋಡುವ ಹೊತ್ತು ದಿನಕ್ಕೆ 1 ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಏಟಿಗೆ ನಿಲ್ಲಿಸಿದರೆ ಮನೆ ರಣರಂಗವಾಗುತ್ತದೆ. ಹೊತ್ತು ಗೊತ್ತು ಮಾಡಿ, ಊಟದ ಜೊತೆ ಜೋಡಿಸಬೇಡಿ, ಆಟದ ಹೊತ್ತಿನಲ್ಲಿ ಅದು ಮನೆಯವರ ಯಾರ ಕೈಯಲ್ಲೂ ಕಾಣಬಾರದು. ವೀಡಿಯೋದಲ್ಲಿ ಮಗು ಏನು ನೋಡುತ್ತದೆ ಎಂಬುದನ್ನೂ ನೋಟ್‌ಬುಕ್ಕಿಗೆ ಹಾಕಿ. ಒಂದು ಮಗು ಹಾಡಿನ ಕೊನೆಯಲ್ಲಿ ಬರುವ ಬಲೂನು ಒಡೆಯುವ ಭಾಗವನ್ನೇ ಮತ್ತೆ ಮತ್ತೆ ಹಾಕುತ್ತಿತ್ತು. ಅದಕ್ಕೆ ಸೋಪಿನ ಗುಳ್ಳೆ ತಂದೆವು.

ಕೊಳ್ಳುವ ಮುಂಚೆ

ಎಷ್ಟು ದೊಡ್ಡವರಾದರೂ ಬಾಯಿಗೆ ಇಡುವ ಮಕ್ಕಳಿದ್ದಾರೆ. ಡಬ್ಬದ ಮೇಲಿನ ವಯಸ್ಸು ನೋಡಿ ಮೋಸಹೋಗಬೇಡಿ. ಗೋಲಿ, ಚಿಕ್ಕ ಅಯಸ್ಕಾಂತ, ಬಟನ್ ಬ್ಯಾಟರಿ ಬೇಡವೇ ಬೇಡ. ಬಟನ್ ಬ್ಯಾಟರಿ ನುಂಗಿದರೆ ಗಂಟೆಗಳಲ್ಲೇ ಅನ್ನನಾಳ ಸುಡುತ್ತದೆ, ಕಾಯದೆ ಆಸ್ಪತ್ರೆಗೆ ಓಡಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೆ ಮತ್ತು ಜಿಐ ಮಾನ್ಯತೆ, ಅಂದರೆ ಇಂಥ ಊರಿನದೇ ವಿಶೇಷ ವಸ್ತು ಎಂಬ ಅಧಿಕೃತ ಮಾನ್ಯತೆ, ಇರುವ ಆಟಿಕೆಗಳಿಗೆ ವಿನಾಯಿತಿ ಇದೆ, ಹಾಗಾಗಿ ಚನ್ನಪಟ್ಟಣದ ಆಟಿಕೆ ಮೇಲೆ ಆ ಗುರುತು ಇಲ್ಲದಿರಬಹುದು. ಅದನ್ನು ಕೊಳ್ಳುವಾಗ ಅಂಚು ಒರಟಾಗಿದೆಯಾ, ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಬಿಡುತ್ತಾ ಎಂದು ನೋಡಿ.

ಹತ್ತಿತೋ ಇಲ್ಲವೋ?

ನನ್ನ ಅಳತೆ ಹೀಗಿದೆ. ಯಾರೂ ಕರೆಯದೆ, ಬಹುಮಾನ ಇಲ್ಲದೆ, 5 ನಿಮಿಷದ ಬಿಡುವಿನ ಆಟದಲ್ಲಿ ಮಗು ತಾನಾಗೇ ಹೊಸ ಆಟಿಕೆ ಎತ್ತಿಕೊಂಡರೆ, ಅದೂ ಮೂರು ಬೇರೆ ಬೇರೆ ದಿನ, ಹತ್ತಿತು ಎಂದು ಬರೆದುಕೊಳ್ಳುತ್ತೇನೆ. ಎರಡು ವಾರ ಆದರೂ ತಿರುಗಿ ನೋಡದಿದ್ದರೆ ಏಣಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಯುತ್ತೇನೆ. ಅಲ್ಲೂ ಆಗದಿದ್ದರೆ ಆ ಆಟಿಕೆ ಪಕ್ಕದ ಮನೆ ಮಗುವಿಗೆ. ಎಲ್ಲಾ ಆಟಿಕೆ ಎಲ್ಲರಿಗೂ ಯಾಕೆ ಇಷ್ಟವಾಗಬೇಕು?

ತಲೆ ಚಚ್ಚಿಕೊಳ್ಳುವುದು, ಕಚ್ಚಿಕೊಳ್ಳುವುದು ಇದ್ದರೆ, ಇದ್ದ ಮಾತು ನಿಂತುಹೋಗಿದ್ದರೆ, ಇದ್ದ ಆಟವೂ ಬಿಟ್ಟುಹೋಗುತ್ತಿದ್ದರೆ ಮನೆಮದ್ದು ಸಾಲದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸಿ. ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ. ಹೊಸ ಜಾಗದಲ್ಲಿ ಮಗು ಏನೂ ಮಾಡದೆ ಕೂತರೂ ನೋಟ್‌ಬುಕ್ ಮಾತಾಡುತ್ತದೆ.

ಇನ್ನು ಬೇರೆ ಮಕ್ಕಳ ಜೊತೆ ಆಡಿಸುವುದು. ಹತ್ತಿದ ಆಟಿಕೆಯಿಂದಲೇ ಶುರು ಮಾಡಿ, ಎಲ್ಲವೂ ಎರಡೆರಡು ಇರಲಿ. ಎರಡು ತಟ್ಟೆ, ಎರಡು ಬುಗುರಿ. ಹಂಚಿಕೋ ಎಂದು ಯಾರಿಗೂ ಹೇಳಬೇಡಿ. ಮುಚ್ಚಳದ ಹುಡುಗನ ಮನೆಗೆ ದಸರಾ ರಜೆಯಲ್ಲಿ ಅವನ ದೊಡ್ಡಮ್ಮನ ಮಗಳು ಬಂದಿದ್ದಳು, ಏಳು ವರ್ಷ. ಅವಳ ಬುಗುರಿ ಜಾಸ್ತಿ ಹೊತ್ತು ಸುತ್ತುತ್ತಿತ್ತು. ಅವನು ತನ್ನ ತಟ್ಟೆ ಬಿಟ್ಟು ಅವಳ ತಟ್ಟೆಯ ಅಂಚಿಗೆ ಕೆನ್ನೆ ಇಟ್ಟು ಕೂತ. ಅವಳೂ ಈಚೆ ಕಡೆ ಕೆನ್ನೆ ಇಟ್ಟಳು.